ಕೊನೆಯ ಬಕೆಟ್ಟಿಗೂ ಬಿಸಿನೀರು

ಐನೂರು ವಿದ್ಯಾರ್ಥಿಗಳಿರುವ ಹಾಸ್ಟೆಲ್ಲಿನಲ್ಲಿ ಬಿಸಿನೀರಿನ ವ್ಯವಹಾರವೆಲ್ಲ ಬೆಳಗಿನ ಎರಡು ಗಂಟೆಯಲ್ಲಿ ಮುಗಿದುಹೋಗುತ್ತದೆ. ಐದೂವರೆಗೆ ಮೊದಲ ಬಕೆಟ್ಟು ನಲ್ಲಿಯ ಕೆಳಗೆ ಬಂದರೆ, ಏಳೂವರೆಗೆ ತಿಂಡಿಯ ಗಂಟೆ ಬಾರಿಸುವ ಹೊತ್ತಿಗೆ ಕೊನೆಯ ಬಕೆಟ್ಟು ತುಂಬಿರಬೇಕು. ಲಾಡ್ಜಿನಲ್ಲಿ ಒಬ್ಬರು ಆರಕ್ಕೆ ಎದ್ದರೆ ಇನ್ನೊಬ್ಬರು ಹತ್ತಕ್ಕೆ ಏಳುತ್ತಾರೆ. ಆಸ್ಪತ್ರೆಯಲ್ಲಿ ಅಡುಗೆಮನೆ, ಲಾಂಡ್ರಿ, ವಾರ್ಡುಗಳು ಸೇರಿ ದಿನವಿಡೀ ನೀರು ಬೇಡುತ್ತವೆ. ಹಾಸ್ಟೆಲ್ಲು ಮಾತ್ರ ಒಮ್ಮೆಗೇ ಬಾಯಿ ತೆರೆಯುತ್ತದೆ. ಹದಿನೈದು-ಇಪ್ಪತ್ತು ವರ್ಷ ಹಳೆಯದಾದ ಬಿಸಿನೀರಿನ ವ್ಯವಸ್ಥೆ ಮೊದಲು ಸೋಲುವುದೂ ಈ ಎರಡು ಗಂಟೆಯಲ್ಲೇ. ಮೊದಲ ನೂರು ಮಂದಿಗೆ ಸುಡುನೀರು, ನಡುವಿನವರಿಗೆ ಉಗುರುಬೆಚ್ಚಗಿನದು, ಮೂರನೇ ಮಹಡಿಯ ಮೂಲೆಯ ಕೋಣೆಯವರಿಗೆ ತಣ್ಣೀರು.

ಹೀಗಾದಾಗ ‘ಟ್ಯಾಂಕು ಸಾಲದು, ದೊಡ್ಡದು ತನ್ನಿ’ ಎಂದು ಬೇಡಿಕೆ ಹೋಗುತ್ತದೆ. ಟೆಂಡರಿನಲ್ಲೂ ಬಿಸಿನೀರನ್ನು ಅಳೆಯುವುದು ಲೀಟರಿನಲ್ಲೇ. ಆದರೆ ಲೀಟರಿನ ಲೆಕ್ಕ ಅರ್ಧ ಲೆಕ್ಕ. ಸ್ನಾನದ ಬಕೆಟ್ಟಿನಲ್ಲಿ ಸುಮಾರು 20 ಲೀಟರ್ ನೀರು, ಅದರ ಹದ 40 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಬಹುದು. ಟ್ಯಾಂಕಿನ ನೀರು 60 ಡಿಗ್ರಿ, ತಣ್ಣೀರು 25 ಡಿಗ್ರಿ ಇದ್ದರೆ ಒಂದು ಬಕೆಟ್ಟಿಗೆ ಬೇಕಾಗುವ ಬಿಸಿನೀರು ಎಂಟೂವರೆ ಲೀಟರ್ ಚಿಲ್ಲರೆ. ಐನೂರು ಬಕೆಟ್ಟಿಗೆ ಸುಮಾರು 4,300 ಲೀಟರ್. ಅದೇ ಟ್ಯಾಂಕಿನ ನೀರು 45 ಡಿಗ್ರಿಗೆ ಇಳಿದಿದ್ದರೆ ಬಕೆಟ್ಟಿಗೆ 15 ಲೀಟರ್, ಒಟ್ಟು 7,500 ಲೀಟರ್ ಬೇಕು. ಟ್ಯಾಂಕಿನ ಗಾತ್ರ ಬದಲಾಗಿಲ್ಲ, ಹುಡುಗರ ಸಂಖ್ಯೆಯೂ ಬದಲಾಗಿಲ್ಲ. ನೀರಿನ ಬಿಸಿ ಇಳಿದದ್ದಕ್ಕೇ ಟ್ಯಾಂಕು ಚಿಕ್ಕದಾಗಿ ಕಾಣುತ್ತದೆ. ಇನ್ನು ಚಳಿಗಾಲದ ಬೀದರಿನಲ್ಲೋ ಮಡಿಕೇರಿಯಲ್ಲೋ ತಣ್ಣೀರೇ 20 ಡಿಗ್ರಿಗಿಂತ ಕೆಳಗಿದ್ದರೆ ಲೆಕ್ಕ ಮತ್ತಷ್ಟು ಬಿಗಿಯಾಗುತ್ತದೆ.

ಆ 4,300 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಬೇಕಾದ ಶಾಖ ಸುಮಾರು 175 ಯೂನಿಟ್ ವಿದ್ಯುತ್ತಿಗೆ ಸಮ. ಯಾವ ಒಲೆ, ಯಾವ ಯಂತ್ರ ತಂದರೂ ಈ ಸಂಖ್ಯೆ ತಪ್ಪಿದ್ದಲ್ಲ. ಅದನ್ನು ಎಲ್ಲಿಂದ, ಎಷ್ಟು ಸೋರಿಕೆಯೊಂದಿಗೆ ತರುವುದು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಕರ್ನಾಟಕದ ಮಠ, ಛತ್ರ, ಹಾಸ್ಟೆಲ್ಲುಗಳಲ್ಲಿ ಬಹುಕಾಲ ಈ ಶಾಖ ಬಂದದ್ದು ಸೌದೆಯಿಂದ. ಮನೆಯ ಬಚ್ಚಲಲ್ಲಿ ಹೂತ ಹಂಡೆಯೇ ಅಲ್ಲಿ ಹಿಗ್ಗಿ ಕಬ್ಬಿಣದ ಡ್ರಮ್ಮಾಯಿತು, ಆಮೇಲೆ ನಡುವೆ ಹೊಗೆಗೊಳವೆಯಿರುವ ಬಾಯ್ಲರಾಯಿತು. ಹಂಡೆಯ ಕಾಲದ ಒಂದು ಪದ್ಧತಿಯನ್ನು ಇಲ್ಲಿ ನೆನೆಯಬೇಕು. ದೀಪಾವಳಿಯ ಮೊದಲ ದಿನ, ನೀರು ತುಂಬುವ ಹಬ್ಬಕ್ಕೆ, ಹಂಡೆಯನ್ನು ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ತಿಕ್ಕಿ ಬೆಳಗಿ ಹೊಸ ನೀರು ತುಂಬುತ್ತಾರೆ. ಹುಣಸೆಯ ಹುಳಿ ತಾಮ್ರದ ಕಿಲುಬನ್ನು ತೆಗೆಯುತ್ತದೆ, ತಳದಲ್ಲಿ ಕಟ್ಟಿದ ಸುಣ್ಣದ ಪದರವನ್ನೂ ಸಡಿಲಿಸುತ್ತದೆ. ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ನಿರ್ವಹಣೆ ಅದು, ಹಬ್ಬದ ಹೆಸರಿನಲ್ಲಿ. ತಾರಸಿಯ ಮೇಲಿನ ಐದು ಸಾವಿರ ಲೀಟರ್ ಟ್ಯಾಂಕಿಗೆ ಅಂಥ ಹಬ್ಬವೊಂದಿಲ್ಲ.

ಸೌದೆಯ ಖರ್ಚು ನೋಡಿದರೆ ಬದಲಾವಣೆ ಯಾಕೆ ಬೇಕಾಯಿತೆಂದು ತಿಳಿಯುತ್ತದೆ. ಇಟ್ಟಿಗೆ ಕಟ್ಟಿದ ಸಾಧಾರಣ ಒಲೆ ಸೌದೆಯ ಶಾಖದಲ್ಲಿ ಕಾಲು ಭಾಗವನ್ನು ನೀರಿಗೆ ಮುಟ್ಟಿಸಿದರೂ ಮೇಲಿನ ಹಾಸ್ಟೆಲ್ಲಿಗೆ ದಿನಕ್ಕೆ ಒಂದೂವರೆ ಕ್ವಿಂಟಲಿಗೂ ಹೆಚ್ಚು ಒಣಸೌದೆ ಬೇಕು. ಮಳೆಗಾಲದ ಹಸಿಸೌದೆಯಾದರೆ ಇನ್ನೂ ಹೆಚ್ಚು, ಜೊತೆಗೆ ನಸುಕಿನ ನಾಲ್ಕಕ್ಕೆ ಎದ್ದು ಹೊಗೆಯಲ್ಲಿ ಕೂರುವ ಒಬ್ಬ ಆಳು. ಡೀಸೆಲ್ ಬರ್ನರ್ ಆದರೆ ದಿನಕ್ಕೆ 22 ಲೀಟರಿನಷ್ಟು. ಕೋಣೆಗೊಂದು ಗೀಸರ್ ಹಾಕಿದರೆ ಇಂಧನದ ಗೊಡವೆಯಿಲ್ಲ, ಆದರೆ 175 ಯೂನಿಟ್ಟಿನ ಶಾಖವನ್ನು ಎರಡೇ ಗಂಟೆಯಲ್ಲಿ ಎಳೆಯಲು 90 ಕಿಲೋವಾಟ್ ಹತ್ತಿರದ ಸಂಪರ್ಕ ಬೇಕು. ಹಳೆಯ ಕಟ್ಟಡದ ವೈರಿಂಗ್ ಅದನ್ನು ತಡೆಯುವುದಿಲ್ಲ. ಚಳಿಗಾಲದ ಬೆಳಗ್ಗೆ ಮೇನ್ ಫ್ಯೂಸ್ ಹಾರುವುದು ಈ ಕಾರಣಕ್ಕೇ.

ಸೋಲಾರ್ ಬಂದದ್ದು ಈ ಹಿನ್ನೆಲೆಯಲ್ಲಿ. ದೇಶದಲ್ಲಿ ತಾರಸಿಯ ಸೋಲಾರ್ ವಾಟರ್ ಹೀಟರ್ ಮೊದಮೊದಲು ದಟ್ಟವಾಗಿ ಹರಡಿದ ನಗರಗಳಲ್ಲಿ ಬೆಂಗಳೂರು ಒಂದು. 2007ರಲ್ಲಿ ರಾಜ್ಯ ಸರ್ಕಾರ ನಿಗದಿತ ಅಳತೆಗೆ ಮೀರಿದ ಮನೆಗಳ ಜೊತೆಗೆ ಆಸ್ಪತ್ರೆ, ಹಾಸ್ಟೆಲ್, ಹೋಟೆಲ್‌ಗಳಿಗೂ ಸೌರಜಲತಾಪಕವನ್ನು ಕಡ್ಡಾಯ ಮಾಡಿತು. ಆ ಕಾಲದಲ್ಲಿ ಏರಿಸಿದ ಫಲಕಗಳು, ಟ್ಯಾಂಕುಗಳು ಈಗ ಒಟ್ಟಿಗೇ ಮುಪ್ಪಾಗುತ್ತಿವೆ. ಈಗ ಬದಲಿಸಬೇಕಾಗಿ ಬಂದಿರುವ ವ್ಯವಸ್ಥೆಗಳಲ್ಲಿ ದೊಡ್ಡ ಪಾಲು ಇವುಗಳದ್ದೇ.

ಮುಪ್ಪು ಹಲವು ದಾರಿಯಲ್ಲಿ ಬರುತ್ತದೆ. ಎಲ್ಲಕ್ಕಿಂತ ದೊಡ್ಡದು ನೀರಿನ ಗಡಸುತನ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾದಾಗ ಒಡೆದು ಸುಣ್ಣದಕಲ್ಲಾಗಿ ಕೂರುತ್ತದೆ. ಜನ ‘ಉಪ್ಪು ಕಟ್ಟಿದೆ’ ಎನ್ನುವುದು ಇದನ್ನೇ. ನೀರು ಬಿಸಿಯಾದಷ್ಟೂ ಕಟ್ಟುವುದು ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪತಕ್ಕದ್ದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಈ 600ರ ನೀರನ್ನೇ ದಿನಕ್ಕೆ 4,300 ಲೀಟರಿನಂತೆ ಕಾಯಿಸಿ, ಅದರಲ್ಲಿರುವ ಗಡಸಿನ ಹತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಉಳಿಯಿತೆನ್ನಿ. ಆಗಲೂ ತಿಂಗಳಿಗೆ ಏಳೆಂಟು ಕೆ.ಜಿ. ಕಲ್ಲು ಟ್ಯಾಂಕಿನ ತಳದಲ್ಲಿ, ಹೀಟರ್ ಕಾಯಿಲಿನ ಮೇಲೆ, ಫಲಕದೊಳಗಿನ ಅರ್ಧ ಇಂಚಿನ ತಾಮ್ರದ ಕೊಳವೆಗಳಲ್ಲಿ ಸೇರುತ್ತದೆ. ಕೊಯ್ದು ತೆಗೆದ ಹಳೆಯ ಕೊಳವೆಯನ್ನು ಅಡ್ಡಲಾಗಿ ನೋಡಿದರೆ ಮರದ ಕಾಂಡದಂತೆ ಬಳೆಬಳೆಯಾಗಿ ಬಿಳಿ-ಕಂದು ಪದರ. ನಡುವೆ ಉಳಿದಿರುವ ದಾರಿ ಪೆನ್ಸಿಲ್ಲಿನಷ್ಟು. ಕಾವೇರಿ ನೀರು ಬರುವ ಬಡಾವಣೆಯಲ್ಲೂ, ಬರೀ ಕೊಳವೆಬಾವಿಯನ್ನು ನಂಬಿದ ಕೋಲಾರದ ಕಡೆಯಲ್ಲೂ ಒಂದೇ ಮಾದರಿಯ ಯಂತ್ರ ಒಂದೇ ಆಯುಷ್ಯ ಬಾಳಲಾರದು.

ಎರಡನೆಯದು ತುಕ್ಕು. ಉಕ್ಕಿನ ಟ್ಯಾಂಕಿನೊಳಗೆ ಮೆಗ್ನೀಸಿಯಂ ಸರಳೊಂದನ್ನು ಇಳಿಬಿಟ್ಟಿರುತ್ತಾರೆ. ಉಕ್ಕಿನ ಬದಲು ತಾನು ಕರಗುವುದೇ ಅದರ ಕೆಲಸ. ನೀರಿನ ಗುಣ ನೋಡಿ ಒಂದೆರಡು ವರ್ಷಕ್ಕೊಮ್ಮೆ ತೆಗೆದು ಪರೀಕ್ಷಿಸಬೇಕಾದ ಈ ಸರಳು ಹೆಚ್ಚಿನ ಕಡೆ ಕಂಪನಿ ಹಾಕಿದ ದಿನವೇ ಕೊನೆಯ ಬಾರಿಗೆ ಮನುಷ್ಯರ ಮುಖ ನೋಡಿರುತ್ತದೆ. ಅದು ಕರಗಿ ಮುಗಿದ ಮೇಲೆ ನೀರು ಟ್ಯಾಂಕಿನ ಗೋಡೆಯನ್ನು ತಿನ್ನಲು ತೊಡಗುತ್ತದೆ. ತಾಮ್ರದ ಕೊಳವೆಯನ್ನು ಜಿ.ಐ. ಪೈಪಿಗೆ ನೇರವಾಗಿ ಜೋಡಿಸಿದಲ್ಲೂ ಇದೇ ಕಥೆ, ಸೋರುವುದು ಜೋಡಣೆಯ ಪಕ್ಕದ ಕಬ್ಬಿಣ.

ಗಾಜಿನ ಕೊಳವೆಯ ಸೋಲಾರ್‌ಗಳಲ್ಲಿ ಮುಪ್ಪನ್ನು ಕಣ್ಣಿನಿಂದಲೇ ಓದಬಹುದು. ಎರಡು ಪದರದ ಗಾಜಿನ ನಡುವೆ ನಿರ್ವಾತವಿರುತ್ತದೆ. ತಳದಲ್ಲಿ ಬೆಳ್ಳಿಯಂತೆ ಹೊಳೆಯುವ ಬೇರಿಯಂ ಲೇಪವಿರುತ್ತದೆ. ಒಳಗೆ ಗಾಳಿ ಹೊಕ್ಕರೆ ಆ ಬೆಳ್ಳಿ ಹಾಲಿನಂತೆ ಬೆಳ್ಳಗಾಗುತ್ತದೆ. ತಾರಸಿಗೆ ಹತ್ತಿ ಸಾಲಿನುದ್ದಕ್ಕೂ ನಡೆದು ಬೆಳ್ಳಗಾದ ತುದಿಗಳನ್ನು ಎಣಿಸಿದರೆ ಎಷ್ಟು ಕೊಳವೆ ಸತ್ತಿವೆ ಎಂಬ ಲೆಕ್ಕ ಐದು ನಿಮಿಷದಲ್ಲಿ ಸಿಗುತ್ತದೆ. (ಕೋತಿಗಳು ಒಡೆದದ್ದಕ್ಕೆ ಲೆಕ್ಕ ಬೇಡ, ಅವು ತಾವಾಗಿಯೇ ಕಾಣುತ್ತವೆ.) ಚಪ್ಪಟೆ ಫಲಕಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಕೆಳಗಿನ ಮತ್ತು ಮೇಲಿನ ಪೈಪುಗಳನ್ನು ಕೈಯಿಂದ ಮುಟ್ಟಿ ನೋಡುವುದೇ ಪರೀಕ್ಷೆ. ಫಲಕ ಸುಡುತ್ತಿದ್ದರೂ ಟ್ಯಾಂಕಿಗೆ ಹೋಗುವ ಮೇಲಿನ ಪೈಪು ತಣ್ಣಗಿದ್ದರೆ ಒಳದಾರಿ ಕಟ್ಟಿಕೊಂಡಿದೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ.

ಇಷ್ಟಾದರೂ ದೂರಿನ ಮೂಲ ಎಷ್ಟೋ ಬಾರಿ ತಾರಸಿಯಲ್ಲಿರುವುದಿಲ್ಲ, ಗೋಡೆಯೊಳಗಿರುತ್ತದೆ. ಒಂದು ಇಂಚಿನ ಪೈಪಿನ ಒಂದು ಮೀಟರಿನಲ್ಲಿ ಅರ್ಧ ಲೀಟರ್ ನೀರು ನಿಲ್ಲುತ್ತದೆ. ಟ್ಯಾಂಕಿನಿಂದ ಕೊನೆಯ ಬಚ್ಚಲಿಗೆ 30 ಮೀಟರ್ ದೂರವಿದ್ದರೆ ರಾತ್ರಿಯೆಲ್ಲ ತಣಿದ 15 ಲೀಟರ್ ನೀರು ಚರಂಡಿಗೆ ಹರಿದ ಮೇಲೆಯೇ ಬಿಸಿನೀರಿನ ಮುಖ ಕಾಣುವುದು. ಹತ್ತು ಬಚ್ಚಲಿಗೆ ಹತ್ತು ಬೇರೆ ಪೈಪಿದ್ದರೆ ಹತ್ತು ಸಲ ಹೀಗೆ. ಶಾಖ ಹಿಡಿಯುವ ಹೊದಿಕೆ ಕಿತ್ತುಹೋಗಿ ಬಿಸಿಲು-ಮಳೆಗೆ ಬರಿಮೈಯಲ್ಲಿ ಬಿದ್ದ ಪೈಪು ನೀರಿನ ಜೊತೆ ಶಾಖವನ್ನೂ ಹಂಚುತ್ತ ಹೋಗುತ್ತದೆ, ಕಾಗೆಗಳಿಗೆ. ಹೊಸ ಯಂತ್ರವನ್ನು ಹಳೆಯ ಪೈಪಿಗೆ ಜೋಡಿಸಿ ಕೈತೊಳೆದುಕೊಂಡರೆ ಬಿಲ್ಲು ಬದಲಾದೀತು, ದೂರು ಬದಲಾಗದು. ಇದಕ್ಕೆ ಪರಿಹಾರ ಮರುಹರಿವಿನ ಪೈಪು: ಮುಖ್ಯ ಕೊಳವೆಯ ಕೊನೆಯಿಂದ ಟ್ಯಾಂಕಿಗೆ ಮರಳುವ ಸಣ್ಣ ದಾರಿ, ಅದರಲ್ಲೊಂದು ಸಣ್ಣ ಪಂಪು, ಬೆಳಗ್ಗೆ ಐದಕ್ಕೆ ಅದನ್ನು ಎಬ್ಬಿಸುವ ಟೈಮರ್. ಸರಿಯಾದ ಹೊದಿಕೆಯಿದ್ದರೆ ಮಾತ್ರ ಇದು ಲಾಭ. ಬರಿಮೈ ಪೈಪಿನಲ್ಲಿ ದಿನವಿಡೀ ನೀರು ತಿರುಗಿಸಿದರೆ ಟ್ಯಾಂಕೇ ತಣಿಯುತ್ತದೆ.

ಆದ್ದರಿಂದ ಬದಲಾವಣೆಯ ಕೆಲಸ ಶುರುವಾಗಬೇಕಾದದ್ದು ಕೊಟೇಶನ್ ತರಿಸುವುದರಿಂದಲ್ಲ. ಬಿಸಿನೀರಿನ ಹೊರದಾರಿಗೆ ಒಂದು ಸಾಧಾರಣ ನೀರಿನ ಮೀಟರ್, ಟ್ಯಾಂಕಿಗೊಂದು ಮತ್ತು ಅತಿ ದೂರದ ನಲ್ಲಿಗೊಂದು ಥರ್ಮಾಮೀಟರ್, ಎರಡು ವಾರದ ಬೆಳಗಿನ ಬರಹ, ಒಂದು ಬಾಟಲಿ ನೀರಿನ ಗಡಸುತನದ ಪರೀಕ್ಷೆ, ಇಷ್ಟಕ್ಕೆ ತಗಲುವ ಖರ್ಚು ಇಡೀ ಯೋಜನೆಯ ಮುಂದೆ ಏನೇನೂ ಅಲ್ಲ. ಒಬ್ಬರಿಗೆ ಇಂತಿಷ್ಟು ಲೀಟರ್ ಎಂಬ ಪುಸ್ತಕದ ಅಂದಾಜಿಗಿಂತ ಈ ಎರಡು ವಾರದ ಪುಟ ಹೆಚ್ಚು ನಿಜ ಹೇಳುತ್ತದೆ.

ಬಿಸಿ ಎಷ್ಟಿರಬೇಕು ಎಂಬ ಪ್ರಶ್ನೆಗೆ ಆರೋಗ್ಯದ ಮುಖವೂ ಇದೆ. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರ ಸಂಘಟನೆ ‘ಅಮೆರಿಕನ್ ಲೀಜನ್’ನ ಸಮಾವೇಶದ ನಂತರ ನೂರಾರು ಜನರಿಗೆ ನ್ಯುಮೋನಿಯಾ ಬಂದು ಹಲವರು ಸತ್ತರು. ಮರುವರ್ಷ ಪತ್ತೆಯಾದ ಬ್ಯಾಕ್ಟೀರಿಯಾಕ್ಕೆ ಆ ಸಂಘಟನೆಯ ಹೆಸರಿನಿಂದಲೇ ಲೀಜಿಯೊನೆಲ್ಲಾ ಎಂದಾಯಿತು. ನಿಂತ ಉಗುರುಬೆಚ್ಚಗಿನ ನೀರು, ಅಂದರೆ 20ರಿಂದ 45 ಡಿಗ್ರಿ, ಅದಕ್ಕೆ ಹೇಳಿ ಮಾಡಿಸಿದ ಮನೆ. ಶವರಿನ ತುಂತುರಿನ ಜೊತೆ ಅದು ಶ್ವಾಸಕೋಶಕ್ಕಿಳಿಯುತ್ತದೆ. 60 ಡಿಗ್ರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಸಾಯುವ ಈ ಜೀವಿ 50ರಲ್ಲಿ ಗಂಟೆಗಟ್ಟಲೆ ಬಾಳಬಲ್ಲದು. ಹಾಗಾಗಿ ಟ್ಯಾಂಕಿನಲ್ಲಿ 60, ಪೈಪಿನ ಕೊನೆಯಲ್ಲಿ 50ಕ್ಕೆ ಕಡಿಮೆಯಾಗದಂತೆ ಎಂಬುದು ಆಸ್ಪತ್ರೆಗಳಲ್ಲಿ ಪಾಲಿಸುವ ನಿಯಮ. ಮೋಡ ಕವಿದ ವಾರದಲ್ಲಿ 40 ಡಿಗ್ರಿಗೆ ನಿಂತ ಸೋಲಾರ್ ಟ್ಯಾಂಕು, ವರ್ಷಗಟ್ಟಲೆ ಯಾರೂ ತೆರೆಯದ ಬಚ್ಚಲಿಗೆ ಹೋಗುವ ಕುರುಡು ಪೈಪು ಎರಡೂ ಈ ದೃಷ್ಟಿಯಿಂದ ಕೆಟ್ಟವು. ‘ಶಕ್ತಿ ಉಳಿತಾಯಕ್ಕೆ ಥರ್ಮೋಸ್ಟ್ಯಾಟನ್ನು 45ಕ್ಕೆ ಇಳಿಸಿ’ ಎಂಬ ಸಲಹೆ ಮನೆಯ ಪುಟ್ಟ ಗೀಸರಿಗೆ ಹೇಗೋ, ಆಸ್ಪತ್ರೆಯ ದೊಡ್ಡ ಟ್ಯಾಂಕಿಗೆ ಅಪಾಯ. ಆದರೆ 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೂ ಐದಾರು ಸೆಕೆಂಡಿನಲ್ಲಿ ಸುಡುತ್ತದೆ, ಮಕ್ಕಳದ್ದನ್ನು ಇನ್ನೂ ಬೇಗ. ಆದ್ದರಿಂದ ಶವರಿಗೆ ಮೊದಲು ತಣ್ಣೀರು ಬೆರೆಸಿ ಹದಮಾಡುವ ಮಿಕ್ಸಿಂಗ್ ವಾಲ್ವ್ ಇರಲೇಬೇಕು. ಹಣ ಉಳಿಸಲೆಂದು ಟೆಂಡರಿನಿಂದ ಮೊದಲು ಹೊಡೆದುಹಾಕುವುದೂ ಇದನ್ನೇ.

ಹೊಸ ವ್ಯವಸ್ಥೆಯ ಆಯ್ಕೆಯಲ್ಲಿ ಈಗ ಮುಂದಿರುವುದು ಹೀಟ್ ಪಂಪ್. ಇದು ಫ್ರಿಜ್ಜಿನ ತಿರುವುಮುರುವು. ಫ್ರಿಜ್ಜು ಒಳಗಿನ ಶಾಖವನ್ನು ಹೀರಿ ಹಿಂದಿನ ಜಾಲರಿಯಿಂದ ಹೊರಗೆ ಚೆಲ್ಲುತ್ತದೆ. ಹೀಟ್ ಪಂಪು ಸುತ್ತಲಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಸುರಿಯುತ್ತದೆ. ಶಾಖವನ್ನು ಹುಟ್ಟಿಸುವುದಕ್ಕಿಂತ ಸಾಗಿಸುವುದು ಅಗ್ಗ, ಹಾಗಾಗಿ ಒಂದು ಯೂನಿಟ್ ವಿದ್ಯುತ್ತಿಗೆ ಮೂರರಿಂದ ನಾಲ್ಕು ಯೂನಿಟ್ಟಿನಷ್ಟು ಶಾಖ ನೀರಿಗೆ ಸೇರುತ್ತದೆ. ನಮ್ಮ ಐನೂರು ಮಂದಿಯ ಹಾಸ್ಟೆಲ್ಲಿನ 175 ಯೂನಿಟ್ಟು ಮೂರೂವರೆ ಪಟ್ಟಿನ ಲೆಕ್ಕದಲ್ಲಿ 50ಕ್ಕಿಳಿಯುತ್ತದೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ದಿನಕ್ಕೆ ಸಾವಿರ ರೂಪಾಯಿ ಉಳಿತಾಯ. ಎರಡು ಗಂಟೆಯಲ್ಲಿ ಕಾಯಿಸುವ ಅವಸರ ಬಿಟ್ಟು ಹತ್ತು ಗಂಟೆ ನಿಧಾನವಾಗಿ ಕಾಯಿಸಿ ಟ್ಯಾಂಕಿನಲ್ಲಿಟ್ಟರೆ ಐದು ಕಿಲೋವಾಟ್ ಸಂಪರ್ಕ ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ಹೆಚ್ಚಿನವರು ಹೀಟ್ ಪಂಪನ್ನು ನಸುಕಿನಲ್ಲಿ, ಗೀಸರಿನ ಅಭ್ಯಾಸದಲ್ಲೇ, ಚಾಲೂ ಮಾಡುತ್ತಾರೆ. ಗಾಳಿ ಅತಿ ತಣ್ಣಗಿರುವ, ಯಂತ್ರ ಅತಿ ಕಷ್ಟಪಡುವ ಹೊತ್ತು ಅದು. ಮಧ್ಯಾಹ್ನ ಗಾಳಿ 30 ಡಿಗ್ರಿ ಇರುವಾಗ ಓಡಿಸಿ, ಒಳ್ಳೆಯ ಹೊದಿಕೆಯ ಟ್ಯಾಂಕಿನಲ್ಲಿ ಬೆಳಗಿನವರೆಗೆ ಕಾಯ್ದರೆ ಅದೇ ಯಂತ್ರ ಕಡಿಮೆ ಕರೆಂಟಿಗೆ ಹೆಚ್ಚು ಕೆಲಸ ಮಾಡುತ್ತದೆ. ತಾರಸಿಯಲ್ಲಿ ವಿದ್ಯುತ್ ಉತ್ಪಾದಿಸುವ ಸೌರಫಲಕಗಳಿದ್ದರೆ ಅವುಗಳ ಸುಗ್ಗಿಯ ಹೊತ್ತೂ ಅದೇ. ಯಂತ್ರ ಉಗುಳುವ ತಣ್ಣನೆಯ ಗಾಳಿಯನ್ನು ಕೊಳವೆಯಲ್ಲಿ ಅಡುಗೆಮನೆಗೋ ಲಾಂಡ್ರಿಗೋ ತಿರುಗಿಸಿದರೆ ಅಲ್ಲಿ ಬೆವರುವವರಿಗೂ ಉಪಕಾರ.

ಹಾಗೆಂದು ಬಿಸಿಲಿನ ಸೀಮೆಯಲ್ಲಿ ಸೋಲಾರನ್ನು ಕೈಬಿಡಲು ಕಾರಣವಿಲ್ಲ. ಕಲಬುರಗಿ, ಬಳ್ಳಾರಿಯ ಆಕಾಶ ವರ್ಷದ ಬಹುಪಾಲು ಪುಕ್ಕಟೆ ಶಾಖ ಕೊಡುತ್ತದೆ. ನೂರು ಲೀಟರಿಗೆ ಎರಡು ಚದರ ಮೀಟರ್ ಫಲಕವೆಂಬ ರೂಢಿಯ ಲೆಕ್ಕದಲ್ಲಿ 4,300 ಲೀಟರಿಗೆ 43 ಫಲಕ, ಒಂದರ ನೆರಳು ಇನ್ನೊಂದರ ಮೇಲೆ ಬೀಳದಷ್ಟು ಜಾಗ ಬೇಕು. ಹಳೆಯ ಫಲಕಗಳಲ್ಲಿ ಗಟ್ಟಿಯಾಗಿರುವವನ್ನು ತೊಳೆದು ಉಳಿಸಿಕೊಂಡು, ಹಿಂದೆ ಬರೀ ಕಾಯಿಲ್ ಹಾಕುತ್ತಿದ್ದಲ್ಲಿ ಹೀಟ್ ಪಂಪನ್ನು ನೆರವಿಗೆ ಕೊಟ್ಟರೆ ಎರಡರ ಲಾಭವೂ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನೇ ಮುಖ ತೋರದ ಮಲೆನಾಡಿನಲ್ಲಿ ಸೋಲಾರ್ ಒಂದನ್ನೇ ನೆಚ್ಚುವುದು ಎಂದೂ ಜಾಣತನವಾಗಿರಲಿಲ್ಲ. ನೀರು ಗಡಸಾದಲ್ಲಿ ಫಲಕಗಳೊಳಗೆ ಮೆದುನೀರೊಂದನ್ನೇ ಮುಚ್ಚಿದ ಸುತ್ತಿನಲ್ಲಿ ತಿರುಗಿಸಿ, ಶಾಖವನ್ನು ಮಾತ್ರ ಸ್ನಾನದ ನೀರಿಗೆ ದಾಟಿಸುವ ಶಾಖವಿನಿಮಯಕ ಹಾಕುವುದು ಲೇಸು. ಮೊದಲ ಖರ್ಚು ಹೆಚ್ಚು. ಆದರೆ ಸುಣ್ಣ ಕಟ್ಟುವುದು ಬಿಚ್ಚಿ ತೊಳೆಯಬಹುದಾದ ಒಂದೇ ಜಾಗದಲ್ಲಿ.

ಹಳೆಯ ದೊಡ್ಡ ಆಸ್ಪತ್ರೆಗಳ ಕಥೆ ಬೇರೆ. ಅಲ್ಲಿ ಒಂದು ಕೇಂದ್ರ ಬಾಯ್ಲರಿನಿಂದ ಹಬೆ ಇಡೀ ಆವರಣಕ್ಕೆ ಹರಿಯುತ್ತದೆ. ಶಸ್ತ್ರಕ್ರಿಯೆಯ ಉಪಕರಣಗಳನ್ನು ಶುದ್ಧಿ ಮಾಡುವ ಆಟೋಕ್ಲೇವಿಗೆ 121 ಅಥವಾ 134 ಡಿಗ್ರಿಯ ಹಬೆ ಬೇಕೇ ಬೇಕು. ಸ್ನಾನಕ್ಕೆ ಬೇಡ. ಆದರೂ 40 ಡಿಗ್ರಿಯ ಒಂದು ಬಕೆಟ್ಟಿಗಾಗಿ ಹಬೆ ಮಾಡಿ, ನೂರಾರು ಮೀಟರ್ ನೆಲದಡಿ ಸಾಗಿಸಿ, ಮತ್ತೆ ನೀರಿಗಿಳಿಸುವ ಪದ್ಧತಿ ಉಳಿದಿದೆ. ಈಗಿನ ರೂಢಿ ಎರಡನ್ನೂ ಬೇರ್ಪಡಿಸುವುದು: ಆಟೋಕ್ಲೇವ್ ಕೋಣೆಯ ಪಕ್ಕದಲ್ಲೇ ಒಂದು ಚಿಕ್ಕ ಹಬೆಯಂತ್ರ, ಕಟ್ಟಡಕ್ಕೊಂದು ಬಿಸಿನೀರಿನ ಘಟಕ. ಕಾನೂನಿನಲ್ಲೂ ಇದಕ್ಕೆ ಅನುಕೂಲವಿದೆ. 1923ರ ಬಾಯ್ಲರ್ ಕಾಯ್ದೆಯ ಜಾಗದಲ್ಲಿ 2025ರಲ್ಲಿ ಹೊಸ ಕಾಯ್ದೆ ಬಂದರೂ ನೀರನ್ನು 100 ಡಿಗ್ರಿಗಿಂತ ಕೆಳಗೆ ಕಾಯಿಸುವ ಪಾತ್ರೆ ಬಾಯ್ಲರಿನ ವ್ಯಾಖ್ಯೆಯಿಂದ ಹೊರಗೇ ಉಳಿದಿದೆ. ಹಳೆಯ ಹಬೆ ಪೈಪುಗಳನ್ನು ಕೀಳುವಾಗ ಮಾತ್ರ ಎಚ್ಚರ ಬೇಕು. ಅವುಗಳಿಗೆ ಸುತ್ತಿದ ಬಿಳಿ ಪ್ಲಾಸ್ಟರಿನಂಥ ಹೊದಿಕೆಯಲ್ಲಿ ಕಲ್ನಾರು ಇರಬಹುದು. ಒಣಗಿದ್ದಾಗ ಒಡೆದರೆ ಅದರ ಎಳೆಗಳು ಶ್ವಾಸಕೋಶ ಸೇರುತ್ತವೆ. ನೀರು ಚಿಮುಕಿಸಿ, ಮುಖಗವಸು ಹಾಕಿ, ಚೀಲದಲ್ಲಿ ಕಟ್ಟಿಯೇ ತೆಗೆಯಬೇಕು.

ಕೆಲಸ ನಡೆಸುವ ವೇಳೆಯೂ ಮುಖ್ಯ. ಹಾಸ್ಟೆಲ್ಲಿಗೆ ಏಪ್ರಿಲ್-ಮೇ ರಜೆ ಇದೆ. ಆಸ್ಪತ್ರೆಗೆ ರಜೆಯೆಂಬುದಿಲ್ಲ, ಹಾಗಾಗಿ ಹೊಸದು ಓಡಲು ತೊಡಗಿದ ಮೇಲೆ ಹಳೆಯದನ್ನು ಮಹಡಿ ಮಹಡಿಯಾಗಿ ಕಳಚಬೇಕು. ಐದು ಸಾವಿರ ಲೀಟರಿನ ಟ್ಯಾಂಕಿನಲ್ಲಿ ನೀರೇ ಐದು ಟನ್. ಅದು ಕೂರಬೇಕಾದದ್ದು ಕಂಬ-ತೊಲೆಗಳ ಮೇಲೆ. ಮರದ ಜಂತೆಯ ಮದ್ರಾಸ್ ತಾರಸಿಯಿರುವ ಹಳೆಯ ಕಟ್ಟಡವಾದರೆ ಟ್ಯಾಂಕನ್ನು ನೆಲದ ಮೇಲಿಟ್ಟು ಪಂಪಿನಿಂದ ಏರಿಸುವುದೇ ಕ್ಷೇಮ. ಪೈಪಿನಲ್ಲಿ ಸಾಮಾನ್ಯ ಪಿ.ವಿ.ಸಿ. ಬಿಸಿನೀರಿಗೆ ಸಲ್ಲದು, ಸಿ.ಪಿ.ವಿ.ಸಿ. ಸಲ್ಲುತ್ತದೆ. ಆದರೆ 40 ಡಿಗ್ರಿ ಬಿಸಿಯೇರಿದಾಗ ಅದರ 30 ಮೀಟರ್ ನೇರ ಸಾಲು ಏಳೂವರೆ ಸೆಂಟಿಮೀಟರ್ ಉದ್ದವಾಗುತ್ತದೆ. ನಡುವೆ ಬಾಗು ಕೊಟ್ಟು ಹಿಗ್ಗಲು ಜಾಗ ಬಿಡದಿದ್ದರೆ ಪೈಪು ಹಾವಿನಂತೆ ಸೊಟ್ಟಗಾಗಿ ಜೋಡಣೆಗಳಲ್ಲಿ ಬಿರಿಯುತ್ತದೆ. ತಾಮ್ರದ ಪೈಪು ಎಲ್ಲಕ್ಕಿಂತ ಬಾಳಿಕೆಯದು, ಕಳ್ಳರಿಗೂ ಅದೇ ಇಷ್ಟ.

ಹಸ್ತಾಂತರದ ದಿನ ಗುತ್ತಿಗೆದಾರರು ತೋರಿಸುವುದು ಟ್ಯಾಂಕಿನ ಮೇಲಿನ ಮೀಟರನ್ನು. ನೋಡಬೇಕಾದದ್ದು ಬೆಳಗ್ಗೆ ಏಳೂಕಾಲಿಗೆ, ನಾನೂರು ಬಕೆಟ್ಟು ತುಂಬಿದ ಮೇಲೆ, ಮೂರನೇ ಮಹಡಿಯ ಮೂಲೆಯ ನಲ್ಲಿಯಲ್ಲಿ ಎಷ್ಟು ಡಿಗ್ರಿ ಇದೆ, ಅದು ಬರಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದನ್ನು. ಕರಾರಿನಲ್ಲಿ ಈ ಒಂದು ಸಾಲು ಸೇರಿಸಿದರೆ ಪೈಪು, ಹೊದಿಕೆ, ಪಂಪು ಎಲ್ಲದರ ಪರೀಕ್ಷೆ ಒಟ್ಟಿಗೇ ಆಗುತ್ತದೆ. ಆ ಮೇಲಿನದು ಕ್ಯಾಲೆಂಡರಿನ ಕೆಲಸ: ವರ್ಷಕ್ಕೊಮ್ಮೆ ಸಿಟ್ರಿಕ್ ಇಲ್ಲವೇ ಸಲ್ಫಾಮಿಕ್ ಆಮ್ಲದಿಂದ ಸುಣ್ಣ ತೊಳೆಯುವುದು, ಮೆಗ್ನೀಸಿಯಂ ಸರಳು ನೋಡುವುದು, ಹೀಟ್ ಪಂಪಿನ ರೆಕ್ಕೆಗಳ ಧೂಳು ಬಳಿಯುವುದು, ತಾರಸಿಯ ಬೀಗದ ಕೈ ಯಾರ ಬಳಿ ಇದೆಯೆಂದು ಬರೆದಿಡುವುದು.

ಕಳಚಿದ ಹಳೆಯ ಸಾಮಾನಿಗೆ ಬೆಲೆಯಿದೆ. ತಾಮ್ರದ ಫಲಕ, ಸ್ಟೀಲಿನ ಟ್ಯಾಂಕು ಗುಜರಿಯಲ್ಲಿ ಒಳ್ಳೆಯ ದರಕ್ಕೆ ಹೋಗುತ್ತವೆ, ಗಾಜಿನ ಕೊಳವೆಗಳನ್ನು ಕೇಳುವವರಿಲ್ಲ. ಸರ್ಕಾರಿ ಸಂಸ್ಥೆಗಳಲ್ಲಿ ಅನುಪಯುಕ್ತವೆಂದು ಘೋಷಿಸಿ, ಮೌಲ್ಯ ಕಟ್ಟಿ, ಹರಾಜು ಕೂಗುವವರೆಗೆ ಅವು ಅಲುಗುವಂತಿಲ್ಲ. ಹೊಸ ವ್ಯವಸ್ಥೆ ಎರಡು ಚಳಿಗಾಲ ಕಂಡ ಮೇಲೂ ಹಳೆಯ ಟ್ಯಾಂಕು ಹಿತ್ತಲಿನಲ್ಲಿ ಮಗ್ಗುಲಾಗಿ ಬಿದ್ದಿರುತ್ತದೆ, ಪಕ್ಕದಲ್ಲಿ ಗಾರೆ ಕಲಸುವವರು ಅದರಲ್ಲಿ ನೀರು ತುಂಬಿಟ್ಟುಕೊಂಡಿರುತ್ತಾರೆ.